ಭೀಮರಾಯ ದೊಡ್ಡವನಾದ ಮೇಲೆ: ‘ಮಹಾನಾಯಕ’ ಧಾರಾವಾಹಿಯ ಉತ್ತರಾರ್ಧ

(ಚಿಕ್ಕೇರೂರಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಮುದ್ರಿತ ರೂಪ)



ಟಿ.ವಿ. ಧಾರಾವಾಹಿಯ ಮೇಲೆ ದತ್ತಿ ಉಪನ್ಯಾಸವೇ ಎಂದು ಕೆಲವರಾದರೂ ಹುಬ್ಬೇರಿಸಿರಬೇಕು. ಸರ್ವಜ್ಞನ ಸೀಮೆ ಇದು. ಇಲ್ಲಿ ತ್ರಿಪದಿಯನ್ನೋ ವಚನವನ್ನೋ ಹಿಡಿದು ಮಾತಾಡಿದರೆ ಸಭೆಗೆ ಶೋಭೆ. ಆದರೆ ಈಚಿನ ವರ್ಷಗಳಲ್ಲಿ ನಮ್ಮ ಹಳ್ಳಿಗಳ ಮನೆಮನೆಗೆ ಚರಿತ್ರೆಯನ್ನು ಹೊತ್ತು ತಂದದ್ದು ಯಾವುದು ಎಂದು ಕೇಳಿದರೆ ನನಗೆ ತೋಚುವ ಹೆಸರು ಒಂದೇ: ‘ಮಹಾನಾಯಕ’. ಪುಸ್ತಕ ಮುಟ್ಟದ ಮನೆಗಳನ್ನು ಅದು ಮುಟ್ಟಿತು. ಅಂಥದ್ದರ ಬಗ್ಗೆ ಹೊಗಳಿಕೆಯ ಭಾಷಣ ಮಾಡಿ ಹಾರ ಹಾಕಿಸಿಕೊಂಡು ಹೋಗುವುದು ಸುಲಭ. ಒಂದು ಕಾದಂಬರಿಯನ್ನು ವಿಮರ್ಶೆ ಮಾಡುವಷ್ಟೇ ಗಂಭೀರವಾಗಿ ಅದನ್ನು ನೋಡೋಣ ಎಂಬುದು ನನ್ನ ಆಸೆ.

ಹಿಂದಿಯ ‘ಏಕ್ ಮಹಾನಾಯಕ್: ಡಾ. ಬಿ.ಆರ್. ಅಂಬೇಡ್ಕರ್’ ಆ್ಯಂಡ್ ಟಿ.ವಿ.ಯಲ್ಲಿ ಶುರುವಾದದ್ದು 2019ರ ಡಿಸೆಂಬರಿನಲ್ಲಿ. ಡಬ್ ಆಗಿ ಜೀ ಕನ್ನಡಕ್ಕೆ ಬಂದದ್ದು 2020ರ ಜುಲೈಯಲ್ಲಿ. ಕಾಲ ಯಾವುದೆಂದು ನೆನಪಿಸಬೇಕಿಲ್ಲ. ಕೊರೊನಾದಿಂದ ಶೂಟಿಂಗ್ ನಿಂತಿತ್ತು, ವಾಹಿನಿಗಳ ಬಳಿ ಹೊಸ ಸರಕಿರಲಿಲ್ಲ. ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂಬ ದಶಕಗಳ ಕಟ್ಟಳೆ 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶದಿಂದ ಸಡಿಲಾಗಿತ್ತು. ಲಾಕ್‌ಡೌನ್ ಅದನ್ನು ಪೂರ್ತಿ ಬಿಚ್ಚಿತು. ಪುರಾಣದ ಧಾರಾವಾಹಿಗಳ ಹಿಂದೆಯೇ ಇದೂ ಒಳಗೆ ಬಂತು. ಆಮೇಲೆ ಆದದ್ದನ್ನು ವಾಹಿನಿಯವರೂ ಎಣಿಸಿರಲಿಕ್ಕಿಲ್ಲ. ಧಾರಾವಾಹಿಗೆ ಫ್ಲೆಕ್ಸ್ ಹಾಕುವವರು ಸಾಮಾನ್ಯವಾಗಿ ವಾಹಿನಿಯವರು. ಇದಕ್ಕೆ ಊರೂರಿನ ಹುಡುಗರು ವಂತಿಗೆ ಕೂಡಿಸಿ ತಾವೇ ಹಾಕಿದರು. ಬಸ್‌ಸ್ಟ್ಯಾಂಡಿನಲ್ಲಿ, ಕೇರಿಯ ಬಾಯಿಗೆ, ಸಮುದಾಯ ಭವನದ ಗೋಡೆಗೆ, ಪ್ರಸಾರದ ವೇಳೆಯ ಸಮೇತ. ಮತ್ತೊಂದು ಕಡೆ, ವಾಹಿನಿಯ ಮುಖ್ಯಸ್ಥ ರಾಘವೇಂದ್ರ ಹುಣಸೂರು ಅವರಿಗೆ ಪ್ರಸಾರ ನಿಲ್ಲಿಸಬೇಕೆಂದು ಬೆದರಿಕೆ ಕರೆಗಳು ಬಂದವು. ನಿಲ್ಲಿಸುವುದಿಲ್ಲವೆಂದು ಅವರು ಬಹಿರಂಗವಾಗಿಯೇ ಹೇಳಿದರು. ಅಡುಗೆಮನೆ ಜಗಳದ ಧಾರಾವಾಹಿಗಳಿಗೆ ಯಾರೂ ಬೆದರಿಕೆ ಹಾಕುವುದಿಲ್ಲ.

ಇವೆಲ್ಲ ಪೂರ್ವಾರ್ಧದ ಸಂಭ್ರಮ. ಬಾಲ ಭೀಮನಾಗಿ ಆಯುಧ್ ಭಾನುಶಾಲಿ, ತಾಯಿ ಭೀಮಾಬಾಯಿಯಾಗಿ ನೇಹಾ ಜೋಶಿ, ತಂದೆ ಸುಬೇದಾರ್ ರಾಮಜಿ ಸಕ್ಪಾಲರಾಗಿ ಜಗನ್ನಾಥ ನಿವಂಗುಣೆ. ಆ ಹುಡುಗನ ಕಣ್ಣು, ಆ ತಾಯಿಯ ಮೌನ, ಇವೆರಡರ ಮೇಲೆಯೇ ಕಥೆ ನಿಂತಿತ್ತು. ನಾನು ಮಾತಾಡಬೇಕೆಂದಿರುವುದು ಅದರ ಮುಂದಿನದರ ಬಗ್ಗೆ. ಭೀಮಾಬಾಯಿ ತೀರಿಕೊಂಡು, ಧಾರಾವಾಹಿ ಹಲವು ವರ್ಷ ದಾಟಿ, ಹದಿಹರೆಯದ ಭೀಮರಾಯನಾಗಿ ಅಥರ್ವ, ರಮಾಬಾಯಿಯಾಗಿ ನಾರಾಯಣಿ ವರ್ಣೆ ಬಂದರಲ್ಲ, ಆ ಭಾಗ. ಅದನ್ನು ನಾನು ನೋಡಿದ್ದು ಕನ್ನಡದಲ್ಲಿ ಸ್ವಲ್ಪ, ಮೊಬೈಲಿನಲ್ಲಿ ಹಿಂದಿಯಲ್ಲಿ ಸ್ವಲ್ಪ. ಎರಡನ್ನೂ ಕೂಡಿಸಿಯೇ ಹೇಳುತ್ತೇನೆ.

ಆ ಉತ್ತರಾರ್ಧ ಅಂಬೇಡ್ಕರರನ್ನು ನಮ್ಮ ಮನೆಯ ಹಿರಿಯಣ್ಣನನ್ನಾಗಿ ಮಾಡಿತು. ಅದೇ ಹೊತ್ತಿಗೆ ಜಾತಿಯನ್ನು ನಾಲ್ಕು ಕೆಟ್ಟ ಮನುಷ್ಯರ ಕಿತಾಪತಿಯನ್ನಾಗಿ ಮಾಡಿಬಿಟ್ಟಿತು. ಇದು ನನ್ನ ಅಭಿಪ್ರಾಯ. ಒಪ್ಪದವರು ಕೊನೆಗೆ ಜಗಳಕ್ಕೆ ಬರಬಹುದು.

ಮೊದಲು ಒಳ್ಳೆಯದು. ಅಂಬೇಡ್ಕರರ ಮೂರ್ತಿ ನಮಗೆ ಗೊತ್ತು. ನೀಲಿ ಕೋಟು, ಎತ್ತಿದ ಬೆರಳು, ಕಂಕುಳಲ್ಲಿ ಸಂವಿಧಾನ. ಮೂರ್ತಿಗೆ ಮನೆಯಿರುವುದಿಲ್ಲ, ಹೆಂಡತಿಯಿರುವುದಿಲ್ಲ, ಪರೀಕ್ಷೆಯ ಭಯವಿರುವುದಿಲ್ಲ. ಧಾರಾವಾಹಿಯ ಎರಡನೆಯ ಭಾಗ ಇವನ್ನೆಲ್ಲ ಕೊಟ್ಟಿತು. ಮುಂಬಯಿಗೆ ಬಂದ ಸಕ್ಪಾಲ್ ಕುಟುಂಬ ಪರಳದ ಚಾಳಿನ ಒಂದು ಕೋಣೆಯಲ್ಲಿ ಬದುಕಿತ್ತು. ಅಡುಗೆ ಅಲ್ಲೇ, ನಿದ್ದೆ ಅಲ್ಲೇ, ಬೀಸುವ ಕಲ್ಲು ಅಲ್ಲೇ, ಆಡು ಅಲ್ಲೇ. ಮಗ ಬೇಗ ಮಲಗಬೇಕು, ರಾತ್ರಿ ಎರಡಕ್ಕೆ ತಂದೆ ಎಬ್ಬಿಸಬೇಕು, ಚಿಮಣಿಯ ಬೆಳಕಿನಲ್ಲಿ ಬೆಳಗಿನ ಜಾವದವರೆಗೆ ಓದಬೇಕು. ಇದನ್ನು ಜೀವನಚರಿತ್ರೆಕಾರ ಧನಂಜಯ ಕೀರ್ ದಾಖಲಿಸಿದ್ದಾರೆ. ಇಂಥ ಇಕ್ಕಟ್ಟಾದ ಮನೆ ಧಾರಾವಾಹಿಗೆ ಹೇಳಿ ಮಾಡಿಸಿದಂಥದ್ದು. ಸಿನಿಮಾಕ್ಕೆ ಬಯಲು ಬೇಕು, ಜಾತ್ರೆ ಬೇಕು. ಧಾರಾವಾಹಿಗೆ ಒಂದು ಕೋಣೆ, ಐದಾರು ಮುಖ ಸಾಕು. 2000ದಲ್ಲಿ ಜಬ್ಬಾರ್ ಪಟೇಲ್ ಮಮ್ಮುಟ್ಟಿಯವರನ್ನು ಇಟ್ಟುಕೊಂಡು ಮಾಡಿದ ಸಿನಿಮಾ ದೊಡ್ಡದು, ಆದರೆ ಅದರಲ್ಲಿ ಇಂಥ ಒಳಮನೆಗೆ ಪುರಸೊತ್ತಿಲ್ಲ.

ಆ ಮನೆಯೊಳಗೆ ರಮಾಬಾಯಿ ಬರುತ್ತಾಳೆ. ಮದುವೆಯಾದದ್ದು 1906ರಲ್ಲಿ, ಬೈಕಲಾದ ಮಾರುಕಟ್ಟೆಯಲ್ಲಿ, ರಾತ್ರಿ ವ್ಯಾಪಾರ ಮುಗಿದ ಮೇಲೆ. ಚರಿತ್ರೆಯ ಪುಸ್ತಕಗಳಲ್ಲಿ ಆಕೆಗೆ ಎರಡು ಪುಟ ಸಿಕ್ಕರೆ ಹೆಚ್ಚು: ಬಡತನದಲ್ಲಿ ಸಂಸಾರ ತೂಗಿದ್ದು, ಮಕ್ಕಳನ್ನು ಕಳೆದುಕೊಂಡದ್ದು, 1935ರಲ್ಲಿ ತೀರಿಕೊಂಡದ್ದು. ಧಾರಾವಾಹಿ ಆಕೆಗೆ ಕಂತುಗಟ್ಟಲೆ ಜಾಗ ಕೊಟ್ಟಿತು. ಗಂಡನ ಓದನ್ನು ಸಹಿಸುವ ಹೆಂಗಸಾಗಿ ಅಲ್ಲ, ಆ ಓದು ಏತಕ್ಕೆಂದು ತಾನೇ ಅರಿತುಕೊಳ್ಳುವ ಹುಡುಗಿಯಾಗಿ. ನಮ್ಮ ಕಡೆ ಹೆಣ್ಣುಮಕ್ಕಳು ಈ ಭಾಗವನ್ನು ಬಿಡದೆ ನೋಡಿದ್ದಕ್ಕೆ ಕಾರಣ ಅಲ್ಲಿದೆ ಎಂದುಕೊಂಡಿದ್ದೇನೆ. ಅಂಬೇಡ್ಕರ್ ಜಯಂತಿಯ ಮೆರವಣಿಗೆಯಲ್ಲಿ ಅವರು ಹಿಂದೆ ನಿಲ್ಲುತ್ತಾರೆ, ಟಿ.ವಿ. ಮುಂದೆ ಅವರೇ ಮೊದಲ ಸಾಲು.

ಓದಿನ ವಿಷಯವನ್ನೂ ಹೇಳಬೇಕು. ಒಬ್ಬ ಹುಡುಗ ಹೊಡೆದಾಡಿ ಗೆಲ್ಲುವುದನ್ನು ತೋರಿಸುವುದು ಸುಲಭ, ಕೂತು ಓದಿ ಗೆಲ್ಲುವುದನ್ನು ತೋರಿಸುವುದು ಕಷ್ಟ. ಈ ಧಾರಾವಾಹಿ ಪುಸ್ತಕವನ್ನು ಕಥೆಯ ನಡುವಿನಿಂದ ತೆಗೆಯಲಿಲ್ಲ. ಅಷ್ಟರಮಟ್ಟಿಗೆ ಅದಕ್ಕೆ ನನ್ನ ನಮಸ್ಕಾರ.

ಇನ್ನು ದೋಷಗಳಿಗೆ ಬರೋಣ. ಅದಕ್ಕೆ ಮುಂಚೆ ಅಂಬೇಡ್ಕರರೇ ಬರೆದಿಟ್ಟ ಒಂದು ಘಟನೆ ಕೇಳಿ. 1901, ಅವರಿಗೆ ಒಂಬತ್ತು ಹತ್ತು ವರ್ಷ. ತಂದೆ ಕೋರೆಗಾಂವದಲ್ಲಿ ನೌಕರಿಗಿದ್ದರು. ಬೇಸಿಗೆ ರಜೆಗೆ ಹುಡುಗರು ಸಾತಾರದಿಂದ ರೈಲು ಹತ್ತಿ ಮಾಸೂರ್ ಎಂಬ ಸ್ಟೇಶನ್ನಿನಲ್ಲಿ ಇಳಿದರು. ನಮ್ಮ ಮಾಸೂರಲ್ಲ, ಅದು ಸಾತಾರ ಸೀಮೆಯದು. ಹೊಸ ಅಂಗಿ, ಜರಿ ಟೊಪ್ಪಿಗೆ. ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಪತ್ರ ತಂದೆಗೆ ಮುಟ್ಟಿರಲಿಲ್ಲ. ಸ್ಟೇಶನ್ ಮಾಸ್ತರ ಹತ್ತಿರ ಬಂದು ಅಕ್ಕರೆಯಿಂದಲೇ ವಿಚಾರಿಸಿದ. ಯಾರ ಮಕ್ಕಳೆಂದು ಕೇಳಿದ. ಮಹಾರರೆಂದು ಹುಡುಗ ಹೇಳಿದ ಕ್ಷಣ ಮಾಸ್ತರನ ಮುಖ ಬದಲಾಯಿತು, ತನ್ನ ಕೋಣೆಗೆ ಹೊರಟುಹೋದ. ಬಾಡಿಗೆ ಗಾಡಿಗಳು ಬೇಕಾದಷ್ಟಿದ್ದವು, ಒಬ್ಬನೂ ಬರಲೊಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ: ಗಾಡಿ ಹುಡುಗರೇ ಹೊಡೆಯಬೇಕು, ತಾನು ಪಕ್ಕದಲ್ಲಿ ನಡೆದು ಬರುತ್ತೇನೆ. ಬುತ್ತಿ ಇತ್ತು, ನೀರಿರಲಿಲ್ಲ. ರಾತ್ರಿ ಸುಂಕದ ಕಟ್ಟೆಯಲ್ಲಿ ಮುಸಲ್ಮಾನರೆಂದು ಸುಳ್ಳು ಹೇಳಿ ನೀರು ಕೇಳಿದರೂ ಸಿಗಲಿಲ್ಲ. ಬಾಯಾರಿಯೇ ಮಲಗಿದರು.

ಇದರಲ್ಲಿ ಖಳನಾಯಕ ಯಾರು? ಸ್ಟೇಶನ್ ಮಾಸ್ತರನೇ? ಅರ್ಧ ತಾಸು ಬಿಟ್ಟು ಅವನೇ ವಾಪಸು ಬಂದು ಗಾಡಿಯವನ ಜೊತೆ ಮಾತಾಡಿ ದಾರಿ ಮಾಡಿಕೊಟ್ಟ. ಗಾಡಿಯವನೇ? ಅವನು ಬಂದನಲ್ಲ! ಇಲ್ಲಿ ಮೀಸೆ ತಿರುವುವವನಿಲ್ಲ, ಒಳಸಂಚಿಲ್ಲ. ಎಲ್ಲರೂ ತಮ್ಮ ತಮ್ಮ ಮಟ್ಟಿಗೆ ಸಭ್ಯರು. ಇಷ್ಟು ಸಭ್ಯರ ನಡುವೆ ಒಂದು ಮಗು ರಾತ್ರಿಯಿಡೀ ನೀರಿಲ್ಲದೆ ಕಳೆಯಿತು. ಜಾತಿ ಕೆಲಸ ಮಾಡುವ ಬಗೆ ಇದು, ಮತ್ತು ಅದರ ಭೀಕರತೆಯೂ ಇಲ್ಲೇ ಇದೆ.

ಧಾರಾವಾಹಿಯ ಉತ್ತರಾರ್ಧಕ್ಕೆ ಈ ಬಗೆ ಒಗ್ಗಲಿಲ್ಲ. ಪೂರ್ವಾರ್ಧದಲ್ಲಿ ಹುಡುಗ ಚಿಕ್ಕವನು, ಅವಮಾನವನ್ನು ನುಂಗಬೇಕಿತ್ತು. ನೋಡುವ ನಾವೂ ಅವನ ಜೊತೆ ನುಂಗಿದೆವು. ಅವನು ದೊಡ್ಡವನಾದ ಮೇಲೆ ಬರಹಗಾರರು ಅವನ ಕೈಗೆ ಉತ್ತರ ಕೊಟ್ಟರು. ಒಬ್ಬ ದುಷ್ಟ ಬರುತ್ತಾನೆ, ಅನ್ಯಾಯ ಮಾಡುತ್ತಾನೆ, ಭೀಮರಾಯ ಒಂದು ಉಪಾಯ ಹೂಡುತ್ತಾನೆ, ದುಷ್ಟ ತಲೆ ತಗ್ಗಿಸುತ್ತಾನೆ, ಹಿನ್ನೆಲೆಯಲ್ಲಿ ನಗಾರಿ. ಮುಂದಿನ ವಾರ ಇನ್ನೊಬ್ಬ ದುಷ್ಟ. ಮಲತಾಯಿ ಜೀಜಾಬಾಯಿ ಅತ್ತೆ-ಸೊಸೆ ಧಾರಾವಾಹಿಯ ಅಚ್ಚಿಗೆ ಬಿದ್ದಳು. ಚರಿತ್ರೆಯಲ್ಲೂ ಹುಡುಗ ಭೀಮನಿಗೆ ತಂದೆಯ ಎರಡನೆಯ ಮದುವೆ ಹಿಡಿಸಿರಲಿಲ್ಲ, ನಿಜ. ಆದರೆ ಆ ಸಂಕಟದಿಂದ ಹುಟ್ಟಿದ ಕಥೆ ಕೀರರ ಪುಸ್ತಕದಲ್ಲಿ ಎಷ್ಟು ಸೊಗಸಾಗಿದೆ ನೋಡಿ. ಮನೆ ಬಿಟ್ಟು ಓಡಿಹೋಗಿ ಮುಂಬಯಿಯ ಗಿರಣಿಯಲ್ಲಿ ದುಡಿಯಬೇಕೆಂದು ಹುಡುಗ ನಿರ್ಧರಿಸುತ್ತಾನೆ. ರೈಲು ಖರ್ಚಿಗೆ ಸೋದರತ್ತೆಯ ಸೊಂಟದ ಚೀಲ ಕದಿಯಲು ರಾತ್ರಿಗಟ್ಟಲೆ ಹೊಂಚುತ್ತಾನೆ. ಕೊನೆಗೆ ಕೈಗೆ ಸಿಕ್ಕಿದಾಗ ಒಳಗಿದ್ದದ್ದು ಅರ್ಧ ಆಣೆ. ಆ ನಾಚಿಕೆಯಲ್ಲಿ ಓಡುವ ಯೋಚನೆ ಬಿಟ್ಟು ಓದಿಗೆ ಕೂತ. ಮಹಾನಾಯಕನೊಬ್ಬ ಕಳ್ಳತನಕ್ಕೆ ಕೈ ಹಾಕಿ ಅರ್ಧ ಆಣೆಗೆ ಸೋತ ಕಥೆ! ಒಬ್ಬ ಒಳ್ಳೆಯ ಸಂಭಾಷಣೆಕಾರನಿಗೆ ಇದಕ್ಕಿಂತ ದೊಡ್ಡ ಉಂಬಳಿ ಬೇಕೆ? ಆದರೆ ದೇವರನ್ನಾಗಿ ಮಾಡಹೊರಟಾಗ ಇಂಥದ್ದೇ ಮೊದಲು ಬಿದ್ದುಹೋಗುತ್ತದೆ.

ಪ್ರಸಿದ್ಧರ ಕಥೆಗೆ ಪವಾಡ ಸೇರಿಸುವ ಚಾಳಿ ಟಿ.ವಿ.ಯವರದು ಮಾತ್ರ ಎನ್ನಬೇಡಿ. ಅಬಲೂರಿನ ಸೋಮೇಶ್ವರ ಗುಡಿಗೆ ಹೋಗಿ ನೋಡಿ. ಶಿವಶರಣ ಏಕಾಂತದ ರಾಮಯ್ಯ ಪಣ ಕಟ್ಟಿ ತನ್ನ ತಲೆ ಕತ್ತರಿಸಿಕೊಂಡು ಏಳನೆಯ ದಿನಕ್ಕೆ ಮರಳಿ ಪಡೆದ ಕಥೆಯನ್ನು ಅಲ್ಲಿ ಶಾಸನವೂ ಹೇಳುತ್ತದೆ, ಶಿಲ್ಪವೂ ತೋರಿಸುತ್ತದೆ. ಅದು 1200ರ ಆಸುಪಾಸಿನದು. ಶಿಲ್ಪದ ಕೆಳಗೆ ಚಿಕ್ಕ ಚಿಕ್ಕ ಬರಹಗಳಿವೆ, ಯಾರು ಏನೆಂದು ತಿಳಿಯಲಿ ಅಂತ. ಎಂಟು ನೂರು ವರ್ಷದ ಹಿಂದಿನ ಧಾರಾವಾಹಿಯೇ ಅದು. ಆದರೆ ರಾಮಯ್ಯನ ಕಾಲದ ಸರಕಾರಿ ಕಡತ ನಮ್ಮ ಕೈಯಲ್ಲಿಲ್ಲ. ಅಂಬೇಡ್ಕರರ ಕಾಲದ್ದು ಇದೆ: ಕೋರ್ಟಿನ ತೀರ್ಪು, ಶಾಸನಸಭೆಯ ನಡಾವಳಿ, ಪತ್ರಗಳು. ದಾಖಲೆ ಕೈಯಲ್ಲಿರುವಾಗಲೂ ಪವಾಡಕ್ಕೆ ಹೋದರೆ ಅದು ಸೋಮಾರಿತನ.

ದಾಖಲೆ ಎಷ್ಟು ರೋಚಕವಾಗಿರುತ್ತದೆ ಎಂಬುದಕ್ಕೆ ಮಹಾಡದ ಕೆರೆಯನ್ನೇ ತೆಗೆದುಕೊಳ್ಳಿ. 1923ರ ಆಗಸ್ಟಿನಲ್ಲಿ ಎಸ್.ಕೆ. ಬೋಲೆಯವರು ಮುಂಬಯಿ ಶಾಸನಸಭೆಯಲ್ಲಿ ಒಂದು ಗೊತ್ತುವಳಿ ಮಂಡಿಸಿ ಪಾಸು ಮಾಡಿಸಿದರು. ಸರಕಾರದ ಹಣದಲ್ಲಿ ಕಟ್ಟಿದ ಅಥವಾ ನಡೆಯುವ ಕೆರೆ, ಬಾವಿ, ಧರ್ಮಶಾಲೆ, ಶಾಲೆ, ಕಚೇರಿ, ದವಾಖಾನೆ ಎಲ್ಲ ಅಸ್ಪೃಶ್ಯರಿಗೂ ಮುಕ್ತ ಎಂದು. ಇಲ್ಲಿ ಕೂತವರು ಒಂದು ಮಾತು ಗಮನಿಸಬೇಕು. ಆಗ ನಾವು ಮೈಸೂರಿನವರಲ್ಲ, ಮುಂಬಯಿ ಇಲಾಖೆಯ ಧಾರವಾಡ ಜಿಲ್ಲೆಯವರು. ಇಂದಿನ ಹಿರೇಕೆರೂರು ತಾಲೂಕಿಗೆ ಆಗ ಕೋಡ ತಾಲೂಕೆಂದು ಹೆಸರು. ಹಾನಗಲ್ಲೂ ಅದೇ ಇಲಾಖೆ. ಸವಣೂರು ಮಾತ್ರ ನವಾಬರ ಸಂಸ್ಥಾನ. ಎಂದರೆ ಬೋಲೆ ಗೊತ್ತುವಳಿ ಮಹಾಡಕ್ಕೆ ಎಷ್ಟು ಅನ್ವಯವೋ ಕೋಡ ತಾಲೂಕಿನ ಬಾವಿಗಳಿಗೂ ಅಷ್ಟೇ. ಕಾಗದದ ಮೇಲೆ.

ಮಹಾಡದ ಮುನ್ಸಿಪಾಲಿಟಿ ತನ್ನ ಚೌದಾರ ಕೆರೆಯನ್ನು ಕಾಗದದ ಮೇಲೆ ತೆರೆದಿತ್ತು. 1927ರ ಮಾರ್ಚ್ 20ರಂದು ಅಂಬೇಡ್ಕರ್ ಸಾವಿರಾರು ಜನರೊಂದಿಗೆ ಹೋಗಿ ಆ ನೀರು ಕುಡಿದರು. ಅಲ್ಲಿಗೆ ಕಂತು ಮುಗಿಸಬಹುದು, ನಗಾರಿ ಬಾರಿಸಬಹುದು. ಆದರೆ ನಿಜವಾದ ನಾಟಕ ಅಲ್ಲಿಂದ ಶುರು. ಊಟಕ್ಕೆ ಕೂತವರ ಮೇಲೆ ಹಲ್ಲೆಯಾಯಿತು. ಮರುದಿನ ಮೇಲ್ಜಾತಿಯವರು ಹಾಲು, ಮೊಸರು, ಸಗಣಿ, ಗೋಮೂತ್ರ ತುಂಬಿದ 108 ಕೊಡಗಳಿಂದ ಕೆರೆಯನ್ನು ‘ಶುದ್ಧ’ ಮಾಡಿದರು. ಮುನ್ಸಿಪಾಲಿಟಿ ತನ್ನ ಗೊತ್ತುವಳಿಯನ್ನೇ ಹಿಂತೆಗೆದುಕೊಂಡಿತು. ಡಿಸೆಂಬರಿನಲ್ಲಿ ಎರಡನೆಯ ಸತ್ಯಾಗ್ರಹಕ್ಕೆ ಜನ ಸೇರುವ ಮುಂಚೆಯೇ ಎದುರಾಳಿಗಳು ಕೋರ್ಟಿನಿಂದ ತಡೆಯಾಜ್ಞೆ ತಂದರು. ಕೆರೆ ಕಣ್ಣೆದುರು ಇದೆ, ಹತ್ತು ಸಾವಿರ ಮಂದಿ ಬಾಯಾರಿ ನಿಂತಿದ್ದಾರೆ, ಅವರ ನಾಯಕ ವಕೀಲ. ಕಾನೂನು ಮುರಿಯುವುದೋ, ಬಿಡುವುದೋ? ಅವರು ಮುರಿಯಲಿಲ್ಲ. ಮೆರವಣಿಗೆ ಕೆರೆಯ ಸುತ್ತ ಹೋಗಿ ನೀರು ಮುಟ್ಟದೆ ಮರಳಿತು. ಮುಂದೆ ಹತ್ತು ವರ್ಷ ಮುದ್ದತ್ತಿನ ಮೇಲೆ ಮುದ್ದತ್ತು. 1937ರ ಮಾರ್ಚ್ 17ಕ್ಕೆ ಮುಂಬಯಿ ಹೈಕೋರ್ಟು ಅಂಬೇಡ್ಕರರ ಪರ ತೀರ್ಪು ಕೊಟ್ಟಿತು: ಅನಾದಿ ಕಾಲದ ರೂಢಿಯೆಂದು ಹೇಳಿದ್ದಕ್ಕೆ ಪುರಾವೆಯಿಲ್ಲ, ಕೆರೆ ಮುನ್ಸಿಪಾಲಿಟಿಯದು. ಪೀಠದಲ್ಲಿದ್ದವರಲ್ಲಿ ಒಬ್ಬರು ಬ್ರೂಮ್‌ಫೀಲ್ಡ್, 1922ರಲ್ಲಿ ಗಾಂಧೀಜಿಗೆ ಆರು ವರ್ಷ ಶಿಕ್ಷೆ ಕೊಟ್ಟವರು ಅವರೇ. ಯಾವ ಕಥೆಗಾರ ಕಲ್ಪಿಸಿ ಇಂಥ ಎಳೆ ತಂದಾನು?

ಒಂದು ಕೆರೆಯ ನೀರಿಗೆ ಹತ್ತು ವರ್ಷ. ಧಾರಾವಾಹಿಯ ಅನ್ಯಾಯಗಳು ಶನಿವಾರ ಹುಟ್ಟಿ ಮುಂದಿನ ಭಾನುವಾರಕ್ಕೆ ಬಗೆಹರಿಯುತ್ತವೆ. ಜನ ಬೇಸರಪಡುತ್ತಾರೆಂಬ ಅಂಜಿಕೆ ಇದ್ದೀತು. ಆದರೆ ಹೊಲದ ದಾವೆಗೆ ಮೂವತ್ತು ವರ್ಷ ಹಾವೇರಿ ಕೋರ್ಟಿಗೆ ಓಡಾಡಿದ ಜನಕ್ಕೆ ಮುದ್ದತ್ತಿನ ನಾಟಕ ಅರ್ಥವಾಗುವುದಿಲ್ಲ ಎಂದು ಯಾರು ಹೇಳಿದರು?

ಅದಕ್ಕಿಂತ ದೊಡ್ಡ ತಕರಾರು ಕಾಲದ್ದು. ಈ ಧಾರಾವಾಹಿ ಬಾಲ್ಯ ಮತ್ತು ವಿದ್ಯಾರ್ಥಿ ದೆಸೆಯಲ್ಲೇ ಬೀಡು ಬಿಟ್ಟಿತು. 1907ರಲ್ಲಿ ಮೆಟ್ರಿಕ್, 1913ರಲ್ಲಿ ಕೊಲಂಬಿಯಾ, 1917ರಲ್ಲಿ ಬಡೋದೆಯ ಪಾರ್ಸಿ ವಸತಿಗೃಹದಿಂದ ದೊಣ್ಣೆ ಹಿಡಿದವರು ಹೊರಗೆ ಹಾಕಿದ್ದು, 1920ರಲ್ಲಿ ‘ಮೂಕನಾಯಕ’ ಪತ್ರಿಕೆ, 1932ರಲ್ಲಿ ಪುಣೆ ಒಪ್ಪಂದ, ಆಮೇಲೆ ಸಂವಿಧಾನ, 1956ರಲ್ಲಿ ನಾಗಪುರದ ಬೌದ್ಧ ದೀಕ್ಷೆ. ನಮಗೆ ಬೇಕಾದ ಅಂಬೇಡ್ಕರ್ ಇರುವುದು ಈ ದಾರಿಯಲ್ಲಿ. ನಾಲ್ಕು ವರ್ಷ ಓಡಿದ ಧಾರಾವಾಹಿ ಚಾಳಿನ ಸುತ್ತಲೇ ಗಿರಕಿ ಹೊಡೆಯಿತು. ಬಾಲಕನ ಜೊತೆ ಯಾರೂ ತಕರಾರು ತೆಗೆಯುವುದಿಲ್ಲ. ಗಾಂಧಿಯ ಜೊತೆ ವಾದಿಸುವ, ಹಿಂದೂ ಕೋಡ್ ಬಿಲ್ಲಿಗಾಗಿ ರಾಜೀನಾಮೆ ಕೊಡುವ, ಧರ್ಮವನ್ನೇ ಬಿಡುವ ಮನುಷ್ಯನ ಜೊತೆ ತೆಗೆಯುತ್ತಾರೆ. ವಾಹಿನಿಗೆ ಬಾಲಕ ಸುರಕ್ಷಿತ. ಸರಿಸುಮಾರು ಅದೇ ಹೊತ್ತಿಗೆ ಮರಾಠಿಯಲ್ಲಿ ಸ್ಟಾರ್ ಪ್ರವಾಹದ ಧಾರಾವಾಹಿ, ಸಾಗರ ದೇಶಮುಖರನ್ನು ಇಟ್ಟುಕೊಂಡು, ದೊಡ್ಡ ವಯಸ್ಸಿನ ಬಾಬಾಸಾಹೇಬರನ್ನು ಧೈರ್ಯದಿಂದ ತೋರಿಸಿತು. 2014ರಲ್ಲಿ ಶ್ಯಾಮ್ ಬೆನೆಗಲ್ ‘ಸಂವಿಧಾನ್’ ಎಂಬ ಹತ್ತೇ ಕಂತಿನ ಧಾರಾವಾಹಿಯಲ್ಲಿ ಸಂವಿಧಾನ ಸಭೆಯ ಚರ್ಚೆಗಳನ್ನು ಮೈ ಜುಮ್ಮೆನ್ನುವಂತೆ ಕಟ್ಟಿದರು. ಆಗದ ಕೆಲಸವಲ್ಲ.

ಉಡುಗೆ ತೊಡುಗೆಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅಲ್ಲಿರುವುದು ಒಗೆದು ಇಸ್ತ್ರಿ ಮಾಡಿದ ಬಡತನ. ಡಬ್ಬಿಂಗಿನ ಕನ್ನಡ ಮಾತ್ರ ಕಾಡುತ್ತದೆ. ಸುಬೇದಾರನೂ ಸೇಠನೂ ಜಾಡಮಾಲಿಯೂ ಒಂದೇ ಗ್ರಾಂಥಿಕ ಕನ್ನಡ ಆಡುತ್ತಾರೆ. ಸಾತಾರ ನಮಗೆ ದೂರವಲ್ಲ; ಧಾರವಾಡ, ಬೆಳಗಾವಿಯ ಮಾತು ಅವರ ಬಾಯಿಗೆ ಸಲೀಸಾಗಿ ಕೂಡುತ್ತಿತ್ತು. ಬೆಂಗಳೂರಿನ ಸ್ಟುಡಿಯೋಗಳಲ್ಲಿ ನಮ್ಮ ಕಡೆಯ ಕನ್ನಡ ಇನ್ನೂ ನಗಿಸುವ ಪಾತ್ರಕ್ಕೇ ಮೀಸಲು. ಇದನ್ನು ಹೇಳಿ ಹೇಳಿ ಸಾಕಾಗಿದೆ.

ಕೊನೆಯದಾಗಿ, ಈ ಧಾರಾವಾಹಿಯ ಶಕ್ತಿ ರಮಾಬಾಯಿ ಎಂದೆ. ಆಕೆಯ ಕಥೆ ಧಾರವಾಡಕ್ಕೂ ಬರುತ್ತದೆ. ಅಂಬೇಡ್ಕರ್ 1928ರಲ್ಲಿ ದಲಿತ ಮಕ್ಕಳ ಶಿಕ್ಷಣಕ್ಕೆಂದು ಒಂದು ಸಂಸ್ಥೆ ಕಟ್ಟಿದರು. ಅದರ ವಿದ್ಯಾರ್ಥಿ ನಿಲಯಗಳು ನಡೆದ ಊರುಗಳಲ್ಲಿ ಪನವೇಲ, ಠಾಣೆ, ನಾಸಿಕ, ಪುಣೆಯ ಜೊತೆ ಧಾರವಾಡವೂ ಇತ್ತು. ಅಲ್ಲಿನ ಕೆಲಸಕ್ಕೆ ಹೆಗಲು ಕೊಟ್ಟವರಲ್ಲಿ ನಿಪ್ಪಾಣಿ ಕಡೆಯ ಬಳವಂತರಾವ್ ವರಾಳೆ ಪ್ರಮುಖರು. ರಮಾಬಾಯಿ ಹವೆ ಬದಲಾವಣೆಗೆಂದು ಧಾರವಾಡಕ್ಕೆ ಬಂದಿದ್ದಾಗ ನಿಲಯಕ್ಕೆ ಬರಬೇಕಾದ ಅನುದಾನ ತಡವಾಗಿ ಮಕ್ಕಳಿಗೆ ಊಟಕ್ಕಿಲ್ಲದಂತಾಯಿತು, ಆಕೆ ತನ್ನ ಬಂಗಾರದ ಬಳೆಗಳನ್ನು ಬಿಚ್ಚಿ ಒತ್ತೆ ಇಡಲು ಕೊಟ್ಟಳು ಎಂದು ಹೇಳಿಕೊಂಡು ಬಂದಿದ್ದಾರೆ. ಹಿಂದಿಯವರಿಗೆ ಇದು ಬೇಕಾಗದಿದ್ದರೆ ಬೇಡ. ಕನ್ನಡದಲ್ಲಿ ಡಬ್ ಮಾಡದೆ, ಕನ್ನಡದಲ್ಲೇ, ಧಾರವಾಡದ ಆ ನಿಲಯವನ್ನೇ ನಡುವಿಗಿಟ್ಟುಕೊಂಡು ಹತ್ತು ಕಂತು ಬರೆಯಬಹುದು. ಅನುದಾನದ ಅರ್ಜಿಗಳು, ಊರಿಂದ ಓದಲು ಬಂದ ಹುಡುಗರು, ಅವರಿಗೆ ಮನೆ ಬಾಡಿಗೆಗೆ ಕೊಡದ ಓಣಿಗಳು, ಕೋಡ ತಾಲೂಕಿನಿಂದ ಬಂದ ಒಬ್ಬ ವಿದ್ಯಾರ್ಥಿ. ಆ ವಿದ್ಯಾರ್ಥಿ ಕಾಲ್ಪನಿಕ, ಉಳಿದದ್ದೆಲ್ಲ ಕಡತದಲ್ಲೂ ಹಿರಿಯರ ನೆನಪಿನಲ್ಲೂ ಹುಡುಕಿದರೆ ಸಿಗಬಹುದಾದದ್ದು. ಇಲ್ಲಿ ಕೂತಿರುವ ಹುಡುಗ ಹುಡುಗಿಯರಲ್ಲಿ ಇಬ್ಬರು ಮೂವರು ಸೇರಿ ಮೊದಲ ಕಂತಿನ ಕರಡು ಬರೆದು ತಂದರೆ ಕೂತು ಓದಿ ತಿದ್ದುವುದಕ್ಕೆ ನಾನಿದ್ದೇನೆ. ಸಂಭಾಷಣೆ ಮಾತ್ರ ಈ ಊರಿನ ಕನ್ನಡದಲ್ಲಿರಲಿ.